ತೆಗೆದಿಟ್ಟ ಗಂಟು

ಮನೆಯನ್ನು ಹಗುರ ಮಾಡುವುದು ಬಹಳ ಸುಲಭದ ಕೆಲಸ ಎಂದು ನನಗೆ ಗೊತ್ತಾದದ್ದು ಆ ವಿಷಯದ ಮೇಲೆ ಒಂದು ಲೇಖನ ಓದಿದಾಗ. ಬರೆದವನು ನಾನೇ. ಹಾಗಾಗಿ ನಂಬಲು ಕಷ್ಟವಾಗಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕೊಪ್ಪಳದಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ‘ಪರಿಸರ’ ಎಂಬ ಮಾತು ಆಗಷ್ಟೇ ನಮ್ಮ ಪುಟಗಳಿಗೆ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಜನ ಮನೆ ಸ್ವಚ್ಛ ಮಾಡಿ, ಹಳೆಯ ಸಾಮಾನನ್ನೆಲ್ಲ ತಿಪ್ಪೆಯ ಮೇಲೆ ಸುಟ್ಟು, ಸುಡದೆ ಉಳಿದದ್ದನ್ನು ಹಳ್ಳಕ್ಕೆ ಚೆಲ್ಲುವುದನ್ನು ನೋಡಿ ಎರಡು ಕಾಲಂ ಬರೆದೆ. ‘ಸುಡಬೇಡಿ, ಚೆಲ್ಲಬೇಡಿ, ಬೇಕಾದವರ ಕೈಗೆ ಮುಟ್ಟಿಸಿ’ ಎಂದು ಮುಗಿಸಿದೆ. ಒಂದಕ್ಷರ ಬಿಡದೆ ಪ್ರಕಟವಾಯಿತು.

ಹೆಂಡತಿ ಗಿರಿಜಾ ಕಸಬರಿಗೆ ಹಿಡಿದುಕೊಂಡೇ ಅದನ್ನು ಓದಿದಳು.

“ಭಾಳ ಛಲೋ ಬರದಾರ,” ಎಂದಳು. “ಇದನ್ನ ಬರದಾವ್ರ ಮನಿ ಎಲ್ಲೈತ್ರಿ? ಒಮ್ಮೆ ಹೋಗಿ ನೋಡಬೇಕಾಗೈತಿ.”

ಬರೆದವರ ಮನೆಯ ಸ್ಥಿತಿಗತಿ ಹೀಗಿತ್ತು. ಎರಡು ಕೋಣೆ, ಒಂದು ಪಡಸಾಲೆ. ಪಡಸಾಲೆಯಲ್ಲಿ ಆರು ವರ್ಷದ ಪತ್ರಿಕೆಗಳ ರಾಶಿ; ತೊಲೆ ಮುಟ್ಟಲು ಎರಡು ಗೇಣು ಬಾಕಿ. ಬೆಳಕು ಕೊಡದ ಕಂದೀಲು ಮೂರು. ಮಾತಾಡದ ರೇಡಿಯೊ ಒಂದು. ಹಿಡಿಕೆ ಇಲ್ಲದ ಕೊಡೆ ಒಂದು, ಕೊಡೆ ಇಲ್ಲದ ಹಿಡಿಕೆ ಒಂದು. ಇವೆರಡೂ ಒಂದಕ್ಕೊಂದು ಕೂಡುವುದಿಲ್ಲ, ಪರೀಕ್ಷಿಸಿ ನೋಡಿದ್ದೇನೆ. ಇದಲ್ಲದೆ ಟ್ರಂಕುಗಳ ಒಳಗೆ, ಮಂಚದ ಕೆಳಗೆ, ಬಾಗಿಲ ಹಿಂದೆ, ಎಲ್ಲೆಲ್ಲೂ ಹಳೆಯ ಬಟ್ಟೆ.

ಮನೆ ಹಗುರ ಮಾಡಲು ಲೇಖನಕ್ಕಿಂತ ದೊಡ್ಡ ಕಾರಣವೂ ಒಂದಿತ್ತು. ಗಿರಿಜಾಳಿಗೆ ನೇಮಕಾತಿ ಆದೇಶ ಬಂದಿತ್ತು. ಶಿಕ್ಷಕಿಯ ತರಬೇತಿ ಮುಗಿಸಿ ಏಳು ವರ್ಷ ಕಾದಿದ್ದಳು. ಆ ಏಳು ವರ್ಷದಲ್ಲಿ ಪೋಸ್ಟ್‌ಮನ್ ನಮ್ಮ ಓಣಿಗೆ ಬಂದಾಗಲೆಲ್ಲ ಒಲೆ ಬಿಟ್ಟು ಬಾಗಿಲಿಗೆ ಬಂದಿದ್ದಳು. ಎಷ್ಟು ಸಲ ರೊಟ್ಟಿ ಸೀದಿದೆ ಎಂಬುದಕ್ಕೆ ನಾನೇ ಸಾಕ್ಷಿ. ಈಗ ಕುಷ್ಟಗಿ ತಾಲ್ಲೂಕಿನ ಒಂದು ಶಾಲೆಗೆ ಹಾಕಿದ್ದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಸೋಮವಾರವೇ ಕೊನೆಯ ದಿನ. ‘ಆದೇಶದ ಮೂಲ ಪ್ರತಿಯೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು, ತಪ್ಪಿದಲ್ಲಿ ನೇಮಕ ರದ್ದಾಗುವುದು’ ಎಂದು ಟೈಪು ಮಾಡಿ ಅಡಿಗೆರೆ ಎಳೆದಿದ್ದರು. ಆ ಊರಿನಲ್ಲಿ ಒಂದು ಕೋಣೆ ಹಿಡಿಯಬೇಕು, ಅರ್ಧ ಸಂಸಾರ ಅಲ್ಲಿಗೆ ಸಾಗಿಸಬೇಕು. ಯಾವ ಅರ್ಧ ಎಂಬುದು ತಿಳಿಯಬೇಕಾದರೆ ಮೊದಲು ಸಂಸಾರ ಕಣ್ಣಿಗೆ ಕಾಣಬೇಕು.

ಶಾಲೆ ತೆರೆಯಲು ಎಂಟು ದಿನ ಉಳಿದಿದ್ದ ಒಂದು ರವಿವಾರ ಬೆಳಿಗ್ಗೆ ಧೋತರ ಮೇಲೆ ಕಟ್ಟಿ ಕೆಲಸಕ್ಕೆ ಇಳಿದೆ.

ನೆರೆಮನೆಯ ಅಂದಾನಪ್ಪ ಮುನಿರಾಬಾದಿನ ನೀರಾವರಿ ಕಚೇರಿಯ ನೌಕರ. ರವಿವಾರ ಅವರಿಗೆ ಕಟ್ಟೆಯ ಮೇಲೆ ಕೂತು ಓಣಿ ನೋಡುವ ಕೆಲಸ.

“ಏನ್ ಸಾಹೇಬ್ರ, ಮನಿ ಖಾಲಿ ಮಾಡಾಕತ್ತೀರೇನು?”

“ಖಾಲಿ ಅಲ್ರಿ, ಹಗುರ ಮಾಡಾಕತ್ತೀನಿ.”

“ಎರಡಕ್ಕೂ ಏನ್ ಫರಕ್ರಿ?”

“ಖಾಲಿ ಮಾಡಿದ್ರ ನಾವೂ ಹೊರಗ ಹೋಗಬೇಕಾಗತೈತಿ. ಹಗುರ ಮಾಡಿದ್ರ ನಾವು ಒಳಗ ಉಳೀತೀವಿ.”

ಅಂದಾನಪ್ಪ ತಲೆಯಾಡಿಸಿದರು. “ನೀವು ಒಳಗ ಉಳದ್ರ ಪೂರಾ ಹಗುರ ಆಗಂಗಿಲ್ಲ ಬಿಡ್ರಿ,” ಎಂದರು.

ನಾನು ಒಳಗೆ ಹೋಗಿ ಕೆಲಸ ಮುಂದುವರಿಸಿದೆ.

ಸಾಮಾನನ್ನು ಮೂರು ಪಾಲು ಮಾಡಿದೆ. ಪತ್ರಿಕೆಗಳು ರದ್ದಿ ಅಂಗಡಿಗೆ. ಧೋತರ, ಅಂಗಿಗಳು ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸಿಗೆ. ಗಿರಿಜಾಳ ಹಳೆಯ ಸೀರೆಗಳು ಕೌದಿಗೆ. ನಮ್ಮ ಕಡೆ ಹಳೆಯ ಸೀರೆ ಎಸೆಯುವ ಪದ್ಧತಿ ಇಲ್ಲ. ಪದರದ ಮೇಲೆ ಪದರ ಹಾಕಿ, ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲು ದಾರ ಓಡಿಸಿ ಕೌದಿ ಹೊಲಿಸುತ್ತೇವೆ. ‘ಪರಿಸರ’ ಎಂಬ ಮಾತು ಕೇಳದ ಅಜ್ಜಿಯರೂ ಇದನ್ನು ಮಾಡುತ್ತಿದ್ದರು. ನನ್ನ ಲೇಖನದಲ್ಲಿ ಇದನ್ನು ನಾನು ಕಂಡುಹಿಡಿದಂತೆ ಬರೆದಿದ್ದೆ.

ಮೂರು ಗಂಟಿಗೂ ಚೀಟಿ ಅಂಟಿಸಿದೆ. ಮೊದಲನೆಯದಕ್ಕೆ ‘ರದ್ದಿ’, ಎರಡನೆಯದಕ್ಕೆ ‘ಪಾತ್ರೆಗೆ’. ಮೂರನೆಯದರ ಹತ್ತಿರ ಪೆನ್ನು ನಿಂತಿತು. ‘ಹಳೆಯ ಸೀರೆ’ ಎಂದು ಬರೆದರೆ ಗಿರಿಜಾಳಿಗೆ ಬೇಜಾರಾಗಬಹುದು. ಅದರಲ್ಲಿ ಅವಳ ತವರಿನ ಸೀರೆಯೂ ಒಂದಿತ್ತು. ‘ಹರಿದದ್ದು’ ಎಂದರೆ ಇನ್ನೂ ಕಷ್ಟ. ವಿಶೇಷಣ ಬಳಸಬಾರದು, ನಡೆದದ್ದನ್ನಷ್ಟೇ ಹೇಳಬೇಕು ಎಂದು ಪತ್ರಿಕೆಯಲ್ಲಿ ಕಲಿತಿದ್ದೆ. ನಡೆದದ್ದೇನು? ಟ್ರಂಕಿನಿಂದ ತೆಗೆದೆ, ಇಲ್ಲಿ ಇಟ್ಟೆ. ಚೀಟಿಯ ಮೇಲೆ ದಪ್ಪಕ್ಷರದಲ್ಲಿ ‘ತೆಗೆದಿಟ್ಟದ್ದು’ ಎಂದು ಬರೆದೆ. ಎಷ್ಟು ನಿಷ್ಪಕ್ಷಪಾತವಾದ ಮಾತು ಎಂದು ಎರಡು ಸಲ ಓದಿದೆ.

ಮಧ್ಯಾಹ್ನ ಗಿರಿಜಾ ಗಿರಣಿಗೆ ಹೋಗಿದ್ದಾಗ ಹುಸೇನಬಿ ಬಂದಳು. ನಮ್ಮ ಓಣಿಯ ಎಲ್ಲ ಕೌದಿಗಳೂ ಅವಳ ಕೈಯವೇ. ಗಂಟು ಒಪ್ಪಿಸಿ, ನನ್ನ ತತ್ವವನ್ನೂ ಒಪ್ಪಿಸಿದೆ.

“ನೋಡು ಹುಸೇನಬೀ, ಈ ಗಂಟಿನಾಗಿಂದು ಒಂದು ಚೂರು ಸೈತ ಒಗೀಬಾರದು. ಏನೇನ ಐತಿ, ಎಲ್ಲಾ ಒಳಗ ಹಾಕಿ ಹೊಲಿ.”

“ಎಲ್ಲಾ ಏನ್ರಿ ಸಾಹೇಬ್ರ?”

“ಎಲ್ಲಾ. ಏನೂ ಹೊರಗ ಹೋಗಬಾರದು. ಅದ ಇದರ ಮುಖ್ಯ ವಿಚಾರ.”

“ಹೂಂ ಬಿಡ್ರಿ,” ಎಂದು ಗಂಟು ತಲೆಯ ಮೇಲೆ ಹೊತ್ತು ಹೋದಳು.

ಸಂಜೆಗೆ ಮೂರೂ ಗಂಟು ಮನೆಯಿಂದ ಹೋಗಿದ್ದವು. ಒಂದು ಕಡ್ಡಿ ಗೀರಲಿಲ್ಲ, ಹಳ್ಳಕ್ಕೆ ಒಂದು ಎಳೆ ಬೀಳಲಿಲ್ಲ. ಪಡಸಾಲೆಯ ನಡುವೆ ನಿಂತು ಎರಡೂ ಕೈ ಅಗಲಿಸಿದೆ. ಯಾವುದಕ್ಕೂ ತಾಕಲಿಲ್ಲ. ಮದುವೆಯಾದ ಮೇಲೆ ಇದೇ ಮೊದಲು.

ಶುಕ್ರವಾರ ಬೆಳಿಗ್ಗೆ ಗಿರಿಜಾ ಚೀಲ ತುಂಬತೊಡಗಿದಳು.

“ರೀ, ತಗದಿಟ್ಟ ಗಂಟು ಎಲ್ಲಿಟ್ಟೀರಿ? ಆರ್ಡರ್ ಬೇಕಾಗೈತಿ.”

ಈ ವಾಕ್ಯದ ಎರಡು ಭಾಗಗಳಿಗೆ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಗಂಟು ಬೇರೆ, ಆರ್ಡರ್ ಬೇರೆ. ಆರ್ಡರ್ ಕಾಗದ; ಕಾಗದ ಹೋಗಿದ್ದರೆ ಕಾಗದಗಳ ಜೊತೆಗೇ ಹೋಗಿರಬೇಕು. ಇಷ್ಟು ತರ್ಕ ಸಾಕಾಯಿತು. ಅವಳು ಮುಂದೆ ಏನೋ ಹೇಳುತ್ತಿರುವಾಗಲೇ ಚಪ್ಪಲಿ ಮೆಟ್ಟಿಕೊಂಡು ರದ್ದಿ ಅಂಗಡಿಗೆ ಓಡಿದೆ.

ಅಂಗಡಿಯವನು ನನ್ನ ಆರು ವರ್ಷವನ್ನು ಐದು ದಿನದಲ್ಲಿ ವಿಲೇವಾರಿ ಮಾಡಿದ್ದ. “ಸಂತಿ ಇತ್ರಿ, ಎಲ್ಲಾ ಪೊಟ್ಟಣಕ್ಕ ಹೋತು,” ಎಂದ. ಬಜಾರಿಗೆ ಹೋಗಿ ಶೇಂಗಾ ಮಾರುವವರು, ಚುರುಮುರಿ ಮಾರುವವರು, ಮಿರ್ಚಿ ಕರಿಯುವವರು, ಎಲ್ಲರ ಮುಂದೂ ನಿಂತು ಒಂದೊಂದೇ ಪೊಟ್ಟಣ ಬಿಚ್ಚಿ ಓದಿದೆ. ಎಲ್ಲಿ ನೋಡಿದರೂ ನಾನೇ ಬರೆದದ್ದು. ಕಾಲುವೆ ದುರಸ್ತಿಯಲ್ಲಿ ಶೇಂಗಾ, ಪುರಸಭೆಯ ಸಭೆಯಲ್ಲಿ ಬೆಲ್ಲ. ಜನ ಬಿಚ್ಚಿ ತಿಂದು ನೆಲಕ್ಕೆ ಎಸೆಯುತ್ತಿದ್ದರು.

ಹಿಂದಿನಿಂದ ಅಂದಾನಪ್ಪ ಬಂದರು. ರೈಲಿಗೆ ಹೊರಟವರು, ಕೈಯಲ್ಲಿ ಮಿರ್ಚಿ. ಕಾಗದ ಬಿಡಿಸಿ ನೋಡಿ ಹೇಳಿದರು: “ಸಾಹೇಬ್ರ, ನಿಮ್ಮ ಬರವಣಿಗಿ ಇವತ್ತ ಭಾಳ ಖಾರ ಐತ್ರಿ.”

ಆದೇಶ ಸಿಗಲಿಲ್ಲ. ಪಾತ್ರೆಯ ಹೆಂಗಸನ್ನು ಹುಡುಕಿಕೊಂಡು ಹೋದೆ. ಅವಳು ನನ್ನ ಧೋತರಗಳನ್ನೆಲ್ಲ ಬಿಚ್ಚಿ ತೋರಿಸಿ, “ಇದರಾಗ ತೂತು ಬಿಟ್ರ ಏನೂ ಇಲ್ರಿ,” ಎಂದು ಪ್ರಮಾಣ ಮಾಡಿದಳು.

ಹೊತ್ತು ಮಾಡಿ ಮನೆಗೆ ಬಂದೆ. ಗಿರಿಜಾ ಅರ್ಧ ತುಂಬಿದ ಚೀಲದ ಮುಂದೆ ಕೂತಿದ್ದಳು.

“ಎಲ್ಲಿ ಹೋಗಿದ್ರಿ?”

“ಆರ್ಡರ್ ಹುಡುಕಾಕ.”

“ನಾ ಎಲ್ಲಿ ಇಟ್ಟೀನಂತ ಕೇಳಿದ್ರೇನು?”

ಕೇಳಿರಲಿಲ್ಲ. ಕೇಳುವುದೇ ವರದಿಗಾರನ ಮೊದಲ ಕರ್ತವ್ಯ.

“ಎಲ್ಲಿ ಇಟ್ಟೀದಿ?”

“ಭದ್ರ ಇರಲಿ ಅಂತ ನೀವು ಗಂಟು ಕಟ್ಟಿ, ಮ್ಯಾಲ ಚೀಟಿ ಹಚ್ಚಿದ್ರಲ್ಲ, ‘ತೆಗೆದಿಟ್ಟದ್ದು’ ಅಂತ. ಅದರಾಗ ನಮ್ಮವ್ವನ ಸೀರಿ ಮಡಿಕಿಯೊಳಗ ಇಟ್ಟೀನಿ. ಮನಿ ತುಂಬ ಸಾಮಾನು ಹರವಿದ್ರಿ. ತಗದಿಟ್ಟದ್ದು ಅದೊಂದ ಇತ್ತು.”



“ತಗದಿಟ್ಟದ್ದು ಅಂದ್ರ... ಹೊರಗ ಹಾಕಾಕ ತಗದು, ಇಟ್ಟದ್ದು,” ಎಂದೆ.

“ತಗದಿಟ್ಟದ್ದು ಅಂದ್ರ ಜ್ವಾಪಾನ ಮಾಡಿದ್ದು,” ಎಂದಳು ಗಿರಿಜಾ. “ಬಂಗಾರ ತಗದಿಡ್ತಾರ. ಹಬ್ಬದ ಸೀರಿ ತಗದಿಡ್ತಾರ. ಗಂಡ ಊಟಕ್ಕ ಬರ್ಲಿಕ್ಕಂದ್ರ ರೊಟ್ಟಿ ತಗದಿಡ್ತಾರ. ಆ ರೊಟ್ಟಿ ಹೊರಗ ಒಗಿಯಾಕೇನ್ರಿ ಇಡೋದು?”

“ವ್ಯಾಕರಣ ನೋಡಿದ್ರ ಎರಡೂ ಅರ್ಥ—”

“ಗಂಟು ಎಲ್ಲೈತಿ?”

“ಹುಸೇನಬಿ ಕಡೆ.”

ಅವಳು ಅಳಲಿಲ್ಲ, ಬಯ್ಯಲಿಲ್ಲ. “ಏಳು ವರ್ಷ ಆತು,” ಎಂದಳು ಅಷ್ಟೇ.

ಹುಸೇನಬಿಯ ಮನೆಗೆ ಬೀಗ ಹಾಕಿತ್ತು. ಮಗಳ ಊರು ಶ್ರೀರಾಮನಗರಕ್ಕೆ ಹೋಗ್ಯಾಳ, ಗಂಟೂ ಒಯ್ದಾಳ, ತಾಯಿ-ಮಗಳು ಕೂಡಿ ಹೊಲೀತಾರ ಎಂದು ಓಣಿಯವರು ಹೇಳಿದರು. ಶನಿವಾರ ಮೊದಲ ಬಸ್ಸಿಗೆ ಗಂಗಾವತಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಶ್ರೀರಾಮನಗರ. ದಾರಿಯುದ್ದಕ್ಕೂ ನಾನು ‘ಬಹುಶಃ’ ಎಂದು ಶುರುವಾಗುವ ವಾಕ್ಯಗಳನ್ನು ಹೇಳಿದೆ. ಬಹುಶಃ ಇನ್ನೂ ಹೊಲಿಗೆ ಹಿಡಿದಿರಲಿಕ್ಕಿಲ್ಲ. ಬಹುಶಃ ಲಕೋಟೆ ಬೇರೆ ಇಟ್ಟಿರಬಹುದು. ಗಿರಿಜಾ ಕಿಟಕಿಯಿಂದ ಗದ್ದೆ ನೋಡುತ್ತಿದ್ದಳು.

ಹುಸೇನಬಿ ನಮ್ಮನ್ನು ಕಂಡು ಹಿಗ್ಗಿದಳು. ಕೌದಿ ಮುಗಿದಿತ್ತು. ಅಂಗಳದಲ್ಲಿ ಹರವಿ ತೋರಿಸಿದಳು. ಕೆಂಪು ದಾರದ ಸಾಲುಗಳು ಉತ್ತ ಹೊಲದಂತೆ ನೆಟ್ಟಗೆ ಓಡಿದ್ದವು.

“ಹುಸೇನಬೀ, ಗಂಟಿನಾಗ ಒಂದು ಕಾಗದ ಇತ್ತಲ್ಲ?” ಎಂದಳು ಗಿರಿಜಾ.

“ಇತ್ತಲ್ರಿ ಅಕ್ಕಾರ. ದಪ್ಪಂದು.”

“ಎಲ್ಲೈತಿ?”

“ಒಳಗ ಐತ್ರಿ.”

“ಒಳಗ ಅಂದ್ರ?”

“ಕೌದಿ ಒಳಗ.” ಹುಸೇನಬಿಗೆ ನಮ್ಮ ಮುಖ ನೋಡಿ ಗಾಬರಿಯಾಯಿತು. “ನನಗೂ ಬೆರಗಾತ್ರಿ. ಕಾಗದ ಯಾಕ ಹೊಲಿಸ್ತಾರ ಇವ್ರು ಅಂತ. ಅಳಿಯನ ಕಡೆ ಚೀಟಿ ಓದಿಸಿದೆ. ‘ತೆಗೆದಿಟ್ಟದ್ದು ಅಂತ ಐತಿ, ಭದ್ರ ಇಡೋ ಸಾಮಾನಿರಬೇಕು ಅತ್ತಿ’ ಅಂದ. ಮತ್ತ ಸಾಹೇಬ್ರು ಬಾಯಿಬಿಟ್ಟ ಹೇಳ್ಯಾರ, ಏನೂ ಹೊರಗ ಹೋಗಬಾರದು, ಎಲ್ಲಾ ಒಳಗ ಹಾಕಿ ಹೊಲಿ ಅಂತ. ಪೇಪರಿನ ಮಂದಿ, ಅವರ ಕೌದ್ಯಾಗ ಕಾಗದ ಇರತಿರಬೇಕು ಬಿಡು ಅಂದ್ಕೊಂಡೆ.”

ಶ್ರೀರಾಮನಗರದ ಅಳಿಯನಿಗೂ ಆ ಪದದ ಅರ್ಥ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

“ಬಿಚ್ಚು,” ಎಂದೆ.

“ಅದು ಆಗಂಗಿಲ್ರಿ. ಹೊಟ್ಟಿ ತುಂಬಸೀನಿ.”

ಇದನ್ನು ತಿಳಿಯದವರಿಗಾಗಿ ಒಂದು ಮಾತು. ಕೌದಿ ಮುಗಿಯುವ ಹೊತ್ತಿಗೆ ಒಂದು ಅಂಗೈಯಷ್ಟು ಜಾಗ ಹೊಲಿಯದೆ ಬಿಟ್ಟು, ಅದರಲ್ಲಿ ರೊಟ್ಟಿಯದೋ ಹೋಳಿಗೆಯದೋ ಒಂದು ತುಣುಕು ಇಟ್ಟು ಮುಚ್ಚುತ್ತಾರೆ. ಅದು ಕೌದಿಯ ಹೊಟ್ಟೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಉಂಡ ಹೊಟ್ಟೆ ಬಗೆಯುವುದು ಯಾರೂ ಮಾಡದ ಕೆಲಸ.

“ಅಕ್ಕಾರ ನೌಕರಿ ಹೋಗತೈತಿ ಹುಸೇನಬೀ,” ಎಂದೆ. ನನ್ನ ಧ್ವನಿಯಲ್ಲಿ ನಿಷ್ಪಕ್ಷಪಾತತೆ ಉಳಿದಿರಲಿಲ್ಲ.

ಅವಳು ಗಿರಿಜಾಳ ಮುಖ ನೋಡಿದಳು. ಒಳಗೆ ಹೋಗಿ ಕತ್ತರಿ ತಂದಳು. “ಮತ್ತ ಉಣ್ಣಸಿದ್ರಾತು ಬಿಡ್ರಿ,” ಎಂದಳು.

ಈಗ ಪ್ರಶ್ನೆ, ಕಾಗದ ಎಲ್ಲಿದೆ. ಹೊಲಿದವಳಿಗೇ ನೆನಪಿರಲಿಲ್ಲ. ಮೂವರೂ ಕೌದಿಯ ಸುತ್ತ ಮೊಣಕಾಲೂರಿ, ವೈದ್ಯರು ರೋಗಿಯ ಹೊಟ್ಟೆ ಒತ್ತುವಂತೆ ಒತ್ತಿ ನೋಡಿದೆವು. ಒಂದು ಕಡೆ ನನ್ನ ಬೆರಳಿಗೆ ಗಟ್ಟಿಯಾಗಿ ಏನೋ ತಾಕಿತು, ಸದ್ದೂ ಬಂತು.

“ಇಲ್ಲೇ ಐತಿ. ಖಚಿತ.”

ಹುಸೇನಬಿ ಕತ್ತರಿಸಿದಳು. ಒಣಗಿದ ರೊಟ್ಟಿಯ ತುಣುಕು ಹೊರಬಂತು.

“ಹೊಟ್ಟೀನ ಬಗದ್ರಿ ನೋಡ್ರಿ,” ಎಂದಳು ಹುಸೇನಬಿ. ಅಲ್ಲಿಂದ ಮುಂದೆ ನನ್ನನ್ನು ಕೌದಿಯ ಹತ್ತಿರ ಬಿಡಲಿಲ್ಲ.

ಗಿರಿಜಾ ಕಣ್ಣು ಮುಚ್ಚಿ, ಅಂಗೈಯಿಂದ ತವರಿನ ಸೀರೆಯ ಪದರ ಹಿಡಿದುಕೊಂಡು ಹೋದಳು. ಇನ್ನೊಂದು ತುದಿಯಲ್ಲಿ ಸಿಕ್ಕಿತು. ಮೂರು ಬದಿ ಕತ್ತರಿಸಿ ಬಟ್ಟೆಯನ್ನು ಕಿಟಕಿಯ ಬಾಗಿಲಿನಂತೆ ಎತ್ತಿದರೆ, ಲಕೋಟೆ ಅಲ್ಲಿತ್ತು. ಅದರ ಮೇಲ್ಮೈ ಹರಿದು ತೆಗೆದರೆ ಒಳಗೆ ಆದೇಶ. ಆದೇಶದ ಮೇಲಿನಿಂದ ಕೆಳಗಿನವರೆಗೆ ಇಪ್ಪತ್ತು ಸಾಲು ಕೆಂಪು ದಾರ. ಒಂದೊಂದು ಎಳೆಯೂ ಕಾಗದ ತೂರಿ, ಕೆಳಗಿನ ನಾಲ್ಕು ಸೀರೆ ತೂರಿ ಮೇಲೆ ಬಂದಿತ್ತು. ಒಂದು ಎಳೆ ಎಳೆದು ನೋಡಿದೆವು. ಕಾಗದದ ಅಂಚು ಹರಿಯಿತು.

“ಕೈ ತಗೀರಿ,” ಎಂದಳು ಗಿರಿಜಾ. ಎತ್ತಿದ ಬಟ್ಟೆಯನ್ನು ಮತ್ತೆ ಮುಚ್ಚಿ ಎದ್ದಳು. “ಕೌದೀನ ಒಯ್ಯೋಣು.”

ಹುಸೇನಬಿ ಕೌದಿಗೆ ಎರಡನೆಯ ಸಲ ಉಣ್ಣಿಸಿ, ಹೊಟ್ಟೆ ಹೊಲಿದು, ಮಡಿಸಿ ಕೊಟ್ಟಳು. ನಮಗೂ ಉಣ್ಣಲು ಹೇಳಿದಳು. ಬಸ್ಸಿಗೆ ಹೊತ್ತಾಗಿತ್ತು, ಉಣ್ಣದೆ ಹೊರಟೆವು. ಹೊರಟ ಮೂವರಲ್ಲಿ ಹೊಟ್ಟೆ ತುಂಬಿದ್ದು ಕೌದಿಯದು ಮಾತ್ರ.

ಸೋಮವಾರ ಕುಷ್ಟಗಿಯ ಬಸ್ಸಿನಲ್ಲಿ ಕೌದಿ ನನ್ನ ತೊಡೆಯ ಮೇಲೆ ಕೂತು ಬಂತು. ಕಂಡಕ್ಟರ್ ಅದನ್ನು ಮೇಲೆ ಸಾಮಾನಿನ ಜೊತೆ ಹಾಕಲು ಹೇಳಿದಾಗ, “ಇದು ಸರ್ಕಾರಿ ಕಾಗದಪತ್ರ,” ಎಂದೆ. ಅವನು ಟಿಕೆಟ್ಟನ್ನು ಗಿರಿಜಾಳ ಕೈಗೆ ಕೊಟ್ಟ. ಕುಷ್ಟಗಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಶಾಲೆ ಮುಟ್ಟಿದೆವು.

ಹೆಡ್‌ಮಾಸ್ತರರು ವಯಸ್ಸಾದವರು, ನಿಧಾನಿ. ಗಿರಿಜಾಳ ನಮಸ್ಕಾರಕ್ಕೆ ನಮಸ್ಕಾರ ಮಾಡಿ, ನನ್ನ ಕೈಯಲ್ಲಿದ್ದದ್ದನ್ನು ನೋಡಿದರು.

“ಬರ್ರಿ ಬಾಯಾರ, ಕೂಡ್ರಿ. ಹಾಸಿಗಿ ಯಾಕ ಹೊತಗೊಂಡು ಬಂದ್ರಿ? ಈ ಊರಾಗ ಎಲ್ಲಾ ಸಿಗತಾವು.”

“ಹಾಸಿಗಿ ಅಲ್ರಿ ಸರ್. ಆರ್ಡರ್ ರಿ.”

“ಆರ್ಡರ್?”

“ಇದರಾಗ ಐತ್ರಿ.”

ಮೇಜಿನ ಮೇಲಿನ ಹಾಜರಿ ಪುಸ್ತಕ, ಗಂಟೆ, ಸೀಮೆಸುಣ್ಣದ ಡಬ್ಬಿ ಎಲ್ಲ ತೆಗೆದು ಕೌದಿ ಹರವಿದೆವು. ಎರಡೂ ಕಡೆ ನೆಲಕ್ಕೆ ಇಳಿಬಿತ್ತು. ಗಿರಿಜಾ ಮೂಲೆಯ ಬಟ್ಟೆ ಎತ್ತಿದಳು. ಹೆಡ್‌ಮಾಸ್ತರರು ಕನ್ನಡಕ ಏರಿಸಿ, ಕೆಂಪು ದಾರದ ಸಂದಿಯಲ್ಲಿ ಓದತೊಡಗಿದರು. ಅರ್ಧಕ್ಕೆ ಬಂದು ನಿಂತರು.

“ಈ ದಿನಾಂಕದ ಮುಂದಿಂದು ತಿಳೀವಲ್ದು. ಹೊಲಿಗಿ ಬಿದ್ದೈತಿ. ‘ಒಳಗಾಗಿ’ ಐತೋ, ‘ಪೂರ್ವದಲ್ಲಿ’ ಐತೋ? ಪೂರ್ವದಲ್ಲಿ ಅಂತಿದ್ರ ನಿನ್ನೀಗೇ ಮುಗೀತು.”

ನಾನು ನೆರವಿಗೆ ಮುಂದಾದೆ.

“ಸಂದರ್ಭದಿಂದ ನೋಡಿದ್ರ, ಆ ಪದಕ್ಕ ಎರಡೂ ಅರ್ಥ—”

ಗಿರಿಜಾ ನನ್ನ ಕಡೆ ನೋಡಿದಳು. ವಾಕ್ಯ ಅಲ್ಲೇ ಮುಗಿಯಿತು.

ಅವಳು ತುರುಬಿನಿಂದ ಒಂದು ಪಿನ್ನು ತೆಗೆದಳು. ಮೇಜಿನ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಆ ಪದದ ಮೇಲಿನ ಒಂದೇ ಹೊಲಿಗೆಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಳು. ಹೆಡ್‌ಮಾಸ್ತರರೂ ಬಗ್ಗಿದರು.

“ಒಳಗಾಗಿ,” ಎಂದು ಓದಿದರು. “ಹೌದು. ಒಳಗಾಗಿ. ಇವತ್ತ ನಡೀತೈತಿ.”

ಗಿರಿಜಾ ಪಿನ್ನನ್ನು ತುರುಬಿಗೆ ಸಿಕ್ಕಿಸಿಕೊಂಡಳು.

ಹೆಡ್‌ಮಾಸ್ತರರು ಮತ್ತೆ ಒಂದು ಸಲ ಕೌದಿಯನ್ನು ಆ ತುದಿಯಿಂದ ಈ ತುದಿವರೆಗೆ ನೋಡಿದರು. “ಮೂಲ ಪ್ರತಿ ಫೈಲಿಗೆ ಹಾಕಬೇಕ್ರಿ. ಆದರ ಇದು ಹಿಡಿಯುವ ಫೈಲು ನಮ್ಮ ಖಾತೇದಾಗ ಇಲ್ಲ. ಒಂದು ಕೆಲಸ ಮಾಡೋಣು. ನಕಲು ನಾನ ಕೈಯಾರೆ ಬರದು, ಮೂಲ ನೋಡೀನಂತ ಸಹಿ ಮಾಡ್ತೀನಿ. ಮೂಲ ನೀವ ಹೊದ್ಕೊಳ್ರಿ.” ಆಮೇಲೆ ಒಂದು ಬಿಳಿ ಹಾಳೆ ತೆಗೆದು ಮುಂದಿಟ್ಟರು. “ಹಾಜರಾತಿ ಪತ್ರ ಬರದು ಕೊಡ್ರಿ.”

ಬರೆಯುವ ಕೆಲಸ ಬಂದ ಕೂಡಲೇ ನನ್ನ ಕೈ ತಾನಾಗಿಯೇ ಹಾಳೆಯ ಕಡೆ ಹೋಯಿತು.

“ನಾ ಬರೀತೀನಿ,” ಎಂದಳು ಗಿರಿಜಾ, ಹಾಳೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ. “ನೀವು ಕೌದಿ ಹಿಡ್ಕೊಂಡು ಹೊರಗ ನಿಂದರ್ರಿ.”

ಮೂರೇ ಸಾಲು ಬರೆದಳು. ಹೊರಗೆ ಹೋಗುವಾಗ ಹೆಗಲ ಮೇಲಿನಿಂದ ಓದಿದೆ. ತಿದ್ದಲು ಏನೂ ಇರಲಿಲ್ಲ.

ಶಾಲೆಯ ಬಾಗಿಲಲ್ಲಿ ಕೌದಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತೆ. ದನ ಹೊಡೆದುಕೊಂಡು ಹೊರಟಿದ್ದ ಒಬ್ಬ ಮುದುಕರು ನಿಂತು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು.

“ಏನಪ, ಕೌದಿ ಮಾರಾಕ ಬಂದೀಯೋ, ಹೊಲಿಯಾಕ ಬಂದೀಯೋ?”

“ಎರಡೂ ಅಲ್ರಿ ಯಜ್ಜಾರ. ಸಾಲೀಗೆ ಹಾಜರಾಗಾಕ ಬಂದೀವಿ.”

ಮುದುಕರು ಕೌದಿಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಕೌದಿಯನ್ನು ನೋಡಿದರು.

“ಇಬ್ಬರೊಳಗ ಯಾರು?” ಎಂದರು.